ಹುಸೇನಪ್ಪ ದಾರಿ ನೋಡಲು ಹೊರಟರೆ

ಹುಸೇನಪ್ಪ ಕಾಕಾ ಬೆಳಿಗ್ಗೆ ಚಪ್ಪಲಿ ಮೆಟ್ಟಿ, ತಲೆಗೆ ಟವೆಲ್ ಸುತ್ತಿ ಹೊರಬಿದ್ದರೆ ನಮ್ಮ ಜಾಲಿಗೇರಿಯಲ್ಲಿ ಮುದುಕರಿದ್ದ ಮನೆಗಳ ಬಾಗಿಲು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಕೈಯಲ್ಲಿ ಗುದ್ದಲಿ ಇದ್ದರೆ ಯಾರಿಗೂ ಭಯವಿರಲಿಲ್ಲ. ಗುದ್ದಲಿ ಹಿಡಿದಿದ್ದಾನೆಂದರೆ ಯಾರೋ ಸತ್ತಾಗಿದೆ, ಕುಣಿ ತೋಡಲು ಹೊರಟಿದ್ದಾನೆ, ಮುಗಿಯಿತು. ಬರಿಗೈಯಲ್ಲಿ ಹೊರಟಾಗ ಮಾತ್ರ ಎದೆ ಧಸಕ್ ಎನ್ನುತ್ತಿತ್ತು. ಬರಿಗೈ ಎಂದರೆ ದಾರಿ ನೋಡಲು ಹೊರಟಿದ್ದಾನೆ ಎಂದರ್ಥ. ಯಾರೋ ಇನ್ನೂ ಸತ್ತಿಲ್ಲ, ಆದರೆ ಸಾಯುತ್ತಾರೆ.

ನನ್ನ ಹಿಟ್ಟಿನ ಗಿರಣಿ ಕೇರಿಯ ಬಾಯಲ್ಲೇ ಇದೆ. ಹಾಗಾಗಿ ಅವನು ಹೊರಟದ್ದು ಎಲ್ಲರಿಗಿಂತ ಮೊದಲು ಕಾಣುತ್ತಿದ್ದದ್ದು ನನಗೆ. ಬಾಯಿಬಡುಕಿ ಎಂದು ಹೆಸರು ತೆಗೆದುಕೊಂಡವಳು ನಾನು. ಆದರೂ ‘ಕಾಕಾ, ಯಾರ ಸಲುವಾಗಿ ಹೊಂಟೀದಿ?’ ಎಂದು ಕೇಳುವ ಧೈರ್ಯ ಒಂದು ದಿನವೂ ಬರಲಿಲ್ಲ. ಹಿಟ್ಟು ಜಾಡಿಸುವ ನೆಪ ಮಾಡಿ ತಲೆ ತಗ್ಗಿಸುತ್ತಿದ್ದೆ. ಅವನೋ ನಗುಮುಖದ ಮನುಷ್ಯ. “ಏನವ್ವಾ ಕಲ್ಯಾಣಿ, ಕರೆಂಟ್ ಅದನೇನು?” ಎಂದು ಕೇಳಿ ಮುಂದೆ ಹೋಗುತ್ತಿದ್ದ. ಸಾವಿನ ಕೆಲಸ ಮಾಡುವವರು ಗಂಟುಮೋರೆ ಹಾಕಿಕೊಂಡಿರುತ್ತಾರೆ ಎಂದು ತಿಳಿದವರು ಅವನನ್ನು ನೋಡಿಲ್ಲ.

ಇದು ಹಿರಿಯರಿಂದ ಬಂದ ಪದ್ಧತಿಯಲ್ಲ, ಲೇಔಟ್‌ಗಳು ಹುಟ್ಟಿಸಿದ್ದು. ಜಾಲಿಗೇರಿ ಮೊದಲು ರಾಯಚೂರಿನಿಂದ ದೂರ, ಮಾನ್ವಿ ರಸ್ತೆ ಬಿಟ್ಟು ಒಳಗೆ, ಹೊಲಗಳ ನಡುವೆ ಇದ್ದ ಕೇರಿ. ಈಗ ಊರೇ ಎದ್ದು ಬಂದು ನಮ್ಮ ತೊಡೆಯ ಮೇಲೆ ಕುಳಿತಿದೆ. ನಮ್ಮ ಸ್ಮಶಾನ ಇರುವುದು ಹಿಂದಿನ ಗುಡ್ಡದ ಬುಡದಲ್ಲಿ. ಅಲ್ಲಿಗೆ ಒಂದು ಬಂಡಿದಾರಿ ಇತ್ತು. ಹೊಲದವರು ಒಬ್ಬೊಬ್ಬರಾಗಿ ಮಾರಿದರು, ಕೊಂಡವರೂ ಬೇರೆ ಬೇರೆ. ಪ್ರತಿಯೊಬ್ಬನೂ ತನ್ನ ತುಂಡಿಗೆ ಒಂದು ಕಮಾನು, ಒಂದು ಚೆಂದದ ಹೆಸರು, ನೆಟ್ಟಗಿನ ರಸ್ತೆಗಳು, ಕೊನೆಗೊಂದು ಕಂಪೌಂಡ್ ಗೋಡೆ ಕಟ್ಟಿದ. ಇವನ ರಸ್ತೆ ಅವನ ರಸ್ತೆಗೆ ಕೂಡಲಿಲ್ಲ. ನಕ್ಷೆಯಲ್ಲಿ ಕೂಡುತ್ತದಂತೆ. ನಕ್ಷೆಯ ಮೇಲೆ ಹೆಣ ಹೊರಲು ಬರುತ್ತದೆಯೇ? ರಸ್ತೆ ಮುಗಿಯುವ ಜಾಗದಲ್ಲಿ ಇನ್ನೊಂದು ಪ್ಲಾಟ್ ಹೊಂದಿಸಿ ಅದನ್ನೂ ಮಾರಿದರು. ನಮ್ಮ ಬಂಡಿದಾರಿ ಯಾರ ಅಡುಗೆಮನೆಯೊಳಗೆ ಸೇರಿತೋ, ಯಾರ ದೇವರಕೋಣೆಯ ಕೆಳಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಗುಡ್ಡದ ಆಚೆ ಮಗ್ಗುಲಿಗೆ ದೊಡ್ಡ ಗೇಟಿನ ಲೇಔಟ್ ಬಂದಿದೆ. ಅದರ ಕಾವಲುಗಾರ ನಾಯಿಯನ್ನು ಬಿಟ್ಟರೂ ಬಿಟ್ಟಾನು, ಹೆಣವನ್ನು ಬಿಡುವುದಿಲ್ಲ.

ಇಷ್ಟಾದರೂ ಹೇಗೋ ಸುಧಾರಿಸಬಹುದಿತ್ತು. ಆದರೆ ನಮ್ಮಲ್ಲಿ ಒಂದು ಕಟ್ಟು ಇದೆ. ಹೆಗಲಿಗೇರಿದ ಚಟ್ಟ ಹಿಂದಕ್ಕೆ ತಿರುಗಬಾರದು. ಸುತ್ತು ಹಾಕಲಿ, ಬೇಲಿ ದಾಟಲಿ, ಹೆಗಲ ಮೇಲೆಯೇ ಗಳಿಗೆ ನಿಲ್ಲಲಿ, ಬಂದ ದಾರಿಯಲ್ಲಿ ಮಾತ್ರ ಮರಳಬಾರದು. ಮರಳಿದ ಚಟ್ಟ ಆ ಮನೆಯಿಂದ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತದೆ. ಓದಿದವರು ನಗಬಹುದು. ನಗಲಿ. ನಾನೂ ಹತ್ತನೇ ತರಗತಿ ಓದಿದವಳೇ, ನನ್ನ ಮನೆಯ ಚಟ್ಟವನ್ನು ನಾನು ತಿರುಗಿಸಲಾರೆ.

ಮೊದಲ ಸಲ ಸಿಕ್ಕಿಬಿದ್ದದ್ದು ತಾಯಣ್ಣ ಮುತ್ಯಾನ ಹೆಣದ ಜೊತೆ. ಹಿಂದಿನ ತಿಂಗಳು ಇದ್ದ ರಸ್ತೆ ಅಂದು ಗೋಡೆಗೆ ಹೋಗಿ ಮುಟ್ಟಿತು. ಕಮಾನು ದಾಟಿ, ಹೊಸ ಮನೆಗಳ ನಡುವೆ ಹಲಗೆ ಬಾರಿಸಿಕೊಂಡು ಬಂದವರು ಗೋಡೆಯ ಮುಂದೆ ನಿಂತೆವು. ತಿರುಗುವಂತಿಲ್ಲ. ಕಡೆಗೆ ಹುಡುಗರು ಗೋಡೆ ಹತ್ತಿ ಆಚೆ ಇಳಿದರು, ಈಚೆಯವರು ಚಟ್ಟ ಎತ್ತಿ ಕೊಟ್ಟರು. ಮುತ್ಯಾನ ಒಂದು ಕೈ ಜಾರಿ ಹೊರಬಂದು ಗೋಡೆಗೆ ತರಚಿತು. ಅವನ ಹೆಂಡತಿ ಮೂಕಮ್ಮ ಆ ಕೈಯನ್ನು ನೋಡಿ ಹೊರಡಿಸಿದ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಹದಿನೈದು ದಿನ ಕಳೆಯುವುದರೊಳಗೆ ಆ ಗೋಡೆ ಎತ್ತರವಾಯಿತು, ಮೇಲೆ ಗಾಜಿನ ಚೂರು ಬಂತು.

ಅಂದಿನಿಂದ ಕಾಕಾ ದಾರಿ ನೋಡಲು ಶುರುಮಾಡಿದ. ಕೇರಿಯಲ್ಲಿ ಯಾರಿಗಾದರೂ ಉಸಿರು ಮೇಲೆ ಬಂತೆಂದರೆ ಇವನು ಹೊರಟ. ಇವತ್ತು ಇದ್ದ ಸಂದಿ ನಾಳೆ ಇರುವುದಿಲ್ಲವಲ್ಲ! ಯಾವ ರಸ್ತೆ ಎಲ್ಲಿಗೆ ಮುಗಿದಿದೆ, ಎಲ್ಲಿ ತಳಪಾಯ ತೋಡಿದ್ದಾರೆ, ಚಟ್ಟ ಅಡ್ಡಲಾಗಿ ಹಿಡಿಸುತ್ತದೋ ಇಲ್ಲವೋ ಎಂದು ಎರಡೂ ತೋಳು ಚಾಚಿ ಅಳೆದು ನೋಡುತ್ತಿದ್ದ. ಲೇಔಟ್‌ನವರಿಗೆ ಇದು ವಿಚಿತ್ರವಾಗಿ ಕಂಡಿತು. ಯಾರೋ ಮುದುಕ ಬಂದು ನಮ್ಮ ಮನೆಯ ಪಕ್ಕದಲ್ಲಿ ತೋಳು ಚಾಚಿ ನಿಲ್ಲುತ್ತಾನೆ, ಮಾಟಗೀಟ ಮಾಡುತ್ತಾನೇನೋ ಎಂದು ಒಬ್ಬರು ನೀರು ಎರಚಿ ಓಡಿಸಿದರಂತೆ. ಬಂದು ನನ್ನ ಗಿರಣಿಯ ಕಟ್ಟೆಯ ಮೇಲೆ ಕುಳಿತು ಅಂಗಿ ಒಣಗಿಸಿಕೊಂಡ.

“ಯಾರ ಮನ್ಯಾಗ ಹಿಂಗ ಮಾಡಿದ್ರು ಕಾಕಾ? ಹೇಳು, ನಾ ಹೋಗಿ ಕೇಳತೀನಿ,” ಎಂದೆ.

“ಬಿಡವ್ವಾ. ಅವರಿಗೂ ಅಂಜಿಕಿ ಇರ್ತದ. ಹೊಸಾ ಮನಿ ಕಟ್ಟಿಸಿದೋರು,” ಎಂದ. ಇಂಥ ಒಳ್ಳೆಯತನ ಕಂಡರೆ ನನಗೆ ಮೈ ಉರಿಯುತ್ತದೆ.

ಒಂದೊಂದಾಗಿ ಸಂದಿಗಳೆಲ್ಲ ಮುಚ್ಚಿ ಉಳಿದದ್ದು ಒಂದೇ ದಾರಿ, ಅನ್ವರಿ ಬೇಗಂಳ ಅಂಗಳ. ಆಕೆ ವಿಧವೆ. ಮಗ ಅಲ್ತಾಫ್ ರಾಯಚೂರು ಮಾರ್ಕೆಟ್‌ನಲ್ಲಿ ಬಾಳೆಹಣ್ಣಿನ ವ್ಯಾಪಾರ ಮಾಡುತ್ತಾನೆ. ಅವರ ಮನೆ ಈಚೆ ಲೇಔಟ್‌ನ ಕಟ್ಟಕಡೆಯ ಪ್ಲಾಟ್‌ನಲ್ಲಿದೆ. ಹಿಂದೆ ಹೊಲವಿದ್ದ ಕಾಲಕ್ಕೆ ಆಡು ಹೊಡೆದುಕೊಂಡು ಹೋಗಲು ಆಕೆಯ ಗಂಡ ಹಿತ್ತಲಿಗೆ ಒಂದು ಕಬ್ಬಿಣದ ಗೇಟು ಇಡಿಸಿದ್ದ. ಈಗ ಆ ಗೇಟು, ಆ ಹೊಲದಲ್ಲೇ ಎದ್ದ ಆಚೆ ಲೇಔಟ್‌ನ ರಸ್ತೆಗೆ ತೆರೆಯುತ್ತದೆ. ಆ ರಸ್ತೆ ನೆಟ್ಟಗೆ ಗುಡ್ಡದ ಬುಡಕ್ಕೆ. ಮುಂದಿನ ಬಾಗಿಲಿಂದ ಹೊಕ್ಕು, ಮನೆಯ ಮಗ್ಗುಲ ಓಣಿಯಲ್ಲಿ ಹಾದು, ಹಿತ್ತಲ ಗೇಟಿನಿಂದ ಹೊರಬಿದ್ದರೆ ಚಟ್ಟ ಎಲ್ಲೂ ತಿರುಗಬೇಕಾಗಿರಲಿಲ್ಲ. ಕಾಕಾ ಮೊದಲ ಸಲ ಹೋಗಿ ಕೈ ಮುಗಿದು ಕೇಳಿದಾಗ ಆಕೆ ಒಂದು ಮಾತೂ ಎದುರಾಡಲಿಲ್ಲ.

“ಆಖರಿ ರಸ್ತಾಕ್ಕೆ ನಾ ಯಾಕ ಅಡ್ಡ ನಿಲ್ಲಲಿ ಭಾಯ್? ಬರ್ರಿ, ಗೇಟ್ ತೆಗೀತೀನಿ,” ಎಂದಳಂತೆ.

ಎಷ್ಟು ಹೆಣಗಳು ಆ ಅಂಗಳದಲ್ಲಿ ಹಾದವೋ. ಪ್ರತಿ ಸಲವೂ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು. ನಾವು ಹಾದುಹೋದ ಮೇಲೆ ಚೆಲ್ಲಿದ ಚುರುಮುರಿ, ಹೂವು ಗುಡಿಸಿ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಆಚೆ ಲೇಔಟ್‌ನವರು ಆಕೆಗೆ ಮೆತ್ತಗೆ ಹೇಳಿದರು, ಆಮೇಲೆ ಜೋರಾಗಿ ಹೇಳಿದರು. ಒಂದು ದಿನ ಅಲ್ತಾಫ್‌ನ ತಳ್ಳುಗಾಡಿಯ ಟೈರುಗಳನ್ನು ಯಾರೋ ಕೊಯ್ದಿದ್ದರು. ಆಕೆ ಗೇಟು ತೆಗೆಯುವುದನ್ನು ಬಿಡಲಿಲ್ಲ.

ಇಷ್ಟರಲ್ಲಿ ಅಂಬಮ್ಮ ಚಿಗವ್ವ ಹಾಸಿಗೆ ಹಿಡಿದಳು. ಹುಸೇನಪ್ಪ ಕಾಕಾನ ಹೆಂಡತಿ, ದೇವದುರ್ಗದ ಕಡೆ ಅರಕೇರಾದವಳು. ಅವಳಿಗೆ ಇಬ್ಬರು ಮಕ್ಕಳು. ದೊಡ್ಡವನು ಅಮರೇಶ, ಮೀಸೆ ಮೂಡುವ ವಯಸ್ಸಿಗೆ ಜ್ವರ ಬಂದು ಹೋದ. ಅವನ ಕುಣಿಯನ್ನು ತೋಡಿದ್ದೂ ಕಾಕಾನೇ. ಮಗ್ಗುಲಲ್ಲಿ ಒಂದು ಜಾಗ ಬಿಡು ಎಂದು ಚಿಗವ್ವ ಆವತ್ತೇ ಹೇಳಿದ್ದಳು. ಚಿಕ್ಕವಳು ಸುಜಾತಾ, ಪೋತ್ನಾಳದ ಶಾಲೆಯಲ್ಲಿ ಟೀಚರ್, ಗಂಡನ ಮನೆ ಮಾನ್ವಿ. ಮದುವೆಯಾಗಿ ಬಹಳ ವರ್ಷಕ್ಕೆ, ಎರಡು ಸಲ ನಿಂತದ್ದು ಉಳಿಯದೆ, ಈಗ ಮೂರನೆಯದು ಏಳು ತಿಂಗಳು ದಾಟಿತ್ತು. ತಾಯಿಯನ್ನು ನೋಡಿಕೊಳ್ಳಲು ರಜೆ ಹಾಕಿ ಬಂದಿದ್ದಳು.

ಚಿಗವ್ವನಿಗೆ ಗೊತ್ತಾದದ್ದು ಹೇಗೆಂದರೆ, ಒಂದು ಮುಂಜಾನೆ ಅವಳು ಕಣ್ಣು ಬಿಟ್ಟಾಗ ಕಾಕಾ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ನಾನು ಗಂಜಿ ಕೊಡಲು ಹೋಗಿದ್ದೆ. ಕಣ್ಣಾರೆ ನೋಡಿದ್ದು ಇದು.

“ಸುಜಾತಾನ ಅಪ್ಪ, ಎಲ್ಲಿಗೆ ಹೊಂಟಿ?”

“ಎಲ್ಲಿಲ್ಲ. ಹಂಗ ಗಿರಣಿ ಮಟ.”

“ಗಿರಣಿಯಾಕಿ ಇಲ್ಲೇ ನಿಂತಾಳ.” ಅವಳು ನನ್ನ ಕಡೆ ನೋಡಿ ನಕ್ಕಳು. ಆಮೇಲೆ ಅವನ ಬರಿಗೈಗಳನ್ನು ನೋಡಿದಳು. ಕೇರಿಯಲ್ಲಿ ಯಾರ ಮನೆ ನೆಟ್ಟಗಿಲ್ಲ ಎಂದು ಒಂದೊಂದಾಗಿ ನೆನೆಸಿಕೊಂಡಿರಬೇಕು. ಯಾರ ಮನೆಯಲ್ಲೂ ಯಾರೂ ಹಾಸಿಗೆ ಹಿಡಿದಿರಲಿಲ್ಲ, ಅವಳೊಬ್ಬಳನ್ನು ಬಿಟ್ಟರೆ. ಮುಖ ಗೋಡೆಯ ಕಡೆ ತಿರುಗಿಸಿದಳು. ಕಾಕಾ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ಆ ಗಳಿಗೆಯಲ್ಲಿ ಅವನಿಗಿಂತ ದೊಡ್ಡ ಪಾಪಿ ಭೂಮಿಯ ಮೇಲಿಲ್ಲ ಎನ್ನುವ ಹಾಗಿತ್ತು ಅವನ ಮುಖ.

ಗೋಡೆಯ ಕಡೆ ಮುಖ ಇಟ್ಟೇ ಅವಳು ಹೇಳಿದಳು. “ಛಲೋ ನೋಡಿ ಬಾ. ನನ್ನ ತಿರುಗಿಸಬ್ಯಾಡ. ಹೊಟ್ಟೀಲೆ ಅದಾಳ ಹುಡುಗಿ. ಆಣಿ ಮಾಡು.”

ಕಾಕಾ ಅವಳ ನೆತ್ತಿಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಒಳಗಿನಿಂದ ಸುಜಾತಾ ಬಂದಳು, ಮುಖ ಕೆಂಪಾಗಿತ್ತು. ಅವಳ ಮಾನ್ವಿಯ ಮನೆಯಲ್ಲಿರುವುದು ಬುದ್ಧನ ಪಟ ಒಂದೇ. ದೆವ್ವ, ಶಕುನ ಎಂದರೆ ಅವಳಿಗೆ ಆಗುವುದಿಲ್ಲ.

“ನನ್ನ ಕೂಸಿಗೂ ನಿಮ್ಮ ಚಟ್ಟಕ್ಕೂ ಏನ್ ಸಂಬಂಧ? ಯವ್ವಾ, ನೀ ಇನ್ನೂ ಬದುಕೀದಿ. ಇಂಥಾ ಮಾತು ಯಾಕಾಡ್ತಿ? ಅಪ್ಪಾ, ನೀನೂ ಚಪ್ಪಲಿ ಬಿಡು.”

ಅರಕೇರಾದಿಂದ ಬಂದಿದ್ದ ಚಿಗವ್ವನ ತಮ್ಮ ಪಂಪಾಪತಿಯೂ ಒಂದು ಮಾತು ಹೇಳಿದ. “ಅಕ್ಕಾ, ಹಂಗೇನರೆ ಆದ್ರ ನಮ್ಮೂರಿಗೇ ಒಯ್ತೀವಿ. ದೇವದುರ್ಗದ ರಸ್ತಾ ಎಷ್ಟು ಅಗಲ ಆಗ್ಯದ ನೋಡಿಯಲ್ಲ, ಅಡ್ಡೇ ಇಲ್ಲ.” ಚಿಗವ್ವ ತಲೆಯಾಡಿಸಿದಳು. ಅಮರೇಶನನ್ನು ಬಿಟ್ಟು ಅಷ್ಟು ದೂರ ಹೋಗಿ ಮಲಗಲಾರೆ ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಕಾಕಾ ಆ ದಿನ ಹೋದ, ಮರುದಿನವೂ ಹೋದ. ಹೆಂಡತಿಯ ಸಲುವಾಗಿ ಅಲ್ಲವೇ, ಒಂದು ಸಲ ನೋಡಿ ಸಮಾಧಾನವಾಗಲಿಲ್ಲ. ಅನ್ವರಿ ಬೇಗಂಳ ಹಿತ್ತಲ ಗೇಟು ದಾಟಿ ಆಚೆ ರಸ್ತೆಯಲ್ಲಿ ಗುಡ್ಡದವರೆಗೆ ನಡೆಯುವುದು, ತಿರುಗಿ ಬರುವುದು, ಮತ್ತೆ ನಡೆಯುವುದು. ಮಹಡಿಗಳ ಮೇಲೆ ಬಟ್ಟೆ ಒಣಗಿಸುವವರು ನೋಡುತ್ತಿದ್ದರು. ಅವನು ಬಂದು ನೋಡಿಹೋದರೆ ಹಿಂದೆಯೇ ಹೆಣ ಬರುತ್ತದೆಂದು ಆ ಹೊತ್ತಿಗೆ ಅವರಿಗೂ ಗೊತ್ತಾಗಿತ್ತು. ನಮ್ಮ ಕೇರಿಯ ಅರ್ಧ ಹೆಂಗಸರು ಪಾತ್ರೆ ತಿಕ್ಕುವುದು ಆ ಮನೆಗಳಲ್ಲೇ. ಯಾರೋ ನಗೆಚಾಟಿಕೆಗೆ ಹೇಳಿರಬೇಕು. ಕಾಕಾನಿಗೆ ಇದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ದಾರಿ ಇದೆಯೋ ಇಲ್ಲವೋ ಎಂದು ನೋಡಲು ಹೋದವನು, ಬರುತ್ತೇವೆ ಎಂದು ಡಂಗುರ ಹೊಡೆದು ಬಂದ ಹಾಗಾಯಿತು.

ಚಿಗವ್ವ ಒಂದು ಮಧ್ಯಾಹ್ನ, ಸುಜಾತಾಳ ತೊಡೆಯ ಮೇಲೆ ತಲೆಯಿಟ್ಟುಕೊಂಡು ಹೋದಳು. ಸಂಜೆ ಕಾಕಾ ಗುದ್ದಲಿ ಹಿಡಿದು ಹೊರಟ. ಬೇರೆಯವರು ತೋಡುತ್ತೇವೆ ಎಂದರೂ ಕೇಳಲಿಲ್ಲ. ಅನ್ವರಿ ಬೇಗಂ ಗೇಟು ತೆಗೆದಳು, ಕಾಕಾ ಹೋದ, ಅಮರೇಶನ ಮಗ್ಗುಲಿಗೆ ಕುಣಿ ತೋಡಿದ, ಅದೇ ಗೇಟಿನಿಂದ ಮರಳಿ ಬಂದ. ದಾರಿ ಸಾಫ್ ಇದೆ ಎಂದು ಎಲ್ಲರಿಗೂ ಹೇಳಿದ. ಅಷ್ಟು ನಿಶ್ಚಿಂತೆಯಿಂದ ಹೇಳಿದ.

ಮರುದಿನ ಬಿಸಿಲೇರುವ ಮೊದಲೇ ಚಟ್ಟ ಎತ್ತಿದೆವು. ನಮ್ಮ ಕೇರಿಯಲ್ಲಿ ಹೆಂಗಸರೂ ಹೋಗುತ್ತೇವೆ. ಬಸುರಿ ಮಾತ್ರ ಹೋಗುವಂತಿಲ್ಲ. ಸುಜಾತಾ ಹೊರಟಳು. ಗಂಡುಮಗ ಇಲ್ಲದ ಮನೆ, ನಾನೇ ಮಗ ಎಂದಳು. ಅತ್ತೆ ಮನೆಯವರು, ಓಣಿಯವರು ಎಲ್ಲ ಬೇಡವೆಂದರೂ ಅವಳು ಕಾಕಾನ ಪಕ್ಕದಲ್ಲಿ, ಚಟ್ಟದ ಮುಂದೆ ನಡೆದಳು. ನಾನು ಹಿಂದೆ ಇದ್ದೆ. ಯಾಕೋ ಅಂದು ಈಚೆ ಲೇಔಟ್‌ನ ಕಿಟಕಿಗಳೆಲ್ಲ ಮುಚ್ಚಿದ್ದವು. ನಾಯಿ ಕೂಡ ಬೊಗಳಲಿಲ್ಲ.

ಅನ್ವರಿ ಬೇಗಂ ಮುಂದಿನ ಬಾಗಿಲಲ್ಲಿ ಕಾಯುತ್ತಿದ್ದಳು. ಚಟ್ಟ ಓಣಿಯಲ್ಲಿ ಹಾದು ಹಿತ್ತಲಿಗೆ ಬಂತು. ಆಕೆ ಸರಸರ ಮುಂದೆ ಹೋಗಿ ಗೇಟಿನ ಅಗಳಿ ಜಗ್ಗಿ ತಳ್ಳಿದಳು. ಒಂದು ಗೇಣು ಸರಿದು ಗೇಟು ನಿಂತಿತು. ಮತ್ತೆ ತಳ್ಳಿದಳು. ಕಲ್ಲಿಗೆ ಕಬ್ಬಿಣ ಉಜ್ಜಿದ ಸದ್ದು ಬಂತು.

ಆಚೆ, ಗೇಟಿಗೆ ಒತ್ತಿ, ಕ್ವಾರಿಯ ಬಂಡೆಗಲ್ಲುಗಳ ರಾಶಿ ಬಿದ್ದಿತ್ತು. ಆಳೆತ್ತರ, ರಸ್ತೆಯ ಅಗಲಕ್ಕೂ. ರಾತ್ರಿ ಟಿಪ್ಪರ್‌ಗಳು ತಂದು ಸುರಿದು ಹೋಗಿದ್ದವು. ಮನೆ ಕಟ್ಟುವವರ ಟಿಪ್ಪರ್‌ಗಳು ಆ ಕಡೆ ದಿನಾ ಬರುವುದರಿಂದ, ಸದ್ದು ಕೇಳಿದರೂ ಅನ್ವರಿ ಬೇಗಂ ಎದ್ದು ನೋಡಿರಲಿಲ್ಲ. ರಾಶಿಯ ಮೇಲೆ ಏಳೆಂಟು ಗಂಡಸರು ನಿಂತಿದ್ದರು. ಇಸ್ತ್ರಿ ಅಂಗಿಯವರು, ಕೈಯಲ್ಲಿ ಮೊಬೈಲು ಹಿಡಿದು ನಮ್ಮ ವಿಡಿಯೋ ಮಾಡುತ್ತಿದ್ದವರು.

“ಇದು ಪ್ರೈವೇಟ್ ರಸ್ತೆ. ವಾಪಸ್ ಹೋಗ್ರಿ,” ಎಂದ ಒಬ್ಬ. ಇನ್ನೊಬ್ಬ ಅನ್ವರಿ ಬೇಗಂಳ ಕಡೆ ಬೆರಳು ಮಾಡಿದ. “ಗೇಟ್ ತೆಗೆಯೋದು ಯಾರು ಅಂತ ನಮಗ ಗೊತ್ತದ. ನಿಮ್ಮ ಹುಡುಗನ ಗಾಡಿ ಮಾರ್ಕೆಟ್‌ನ್ಯಾಗ ಎಲ್ಲಿ ನಿಲ್ತದ ಅನ್ನೋದೂ ಗೊತ್ತದ.”

ಹೊರದೆ ಇದ್ದ ನಮ್ಮ ಹುಡುಗರು ಅಂಗಳದಲ್ಲಿ ಸಿಕ್ಕ ಇಟ್ಟಿಗೆ ಚೂರುಗಳನ್ನು ಎತ್ತಿಕೊಂಡರು. ಪಂಪಾಪತಿ ಕೂಗಿದ, “ಮಾವಾ, ತಿರುಗೋದು ಬ್ಯಾಡ! ಗುದ್ದಲಿ ತರಸು. ಇಲ್ಲೇ ತೋಡೋಣು, ಈ ಅಂಗಳದಾಗ! ಯಾರ್ ಏನ್ ಮಾಡ್ತಾರ ನೋಡೇಬಿಡೂನು!” ಹೌದು ಹೌದು ಎಂದರು ಕೆಲವರು. ನನ್ನ ಬಾಯಿಂದಲೂ ಹೌದು ಎಂದು ಬಂತು. ಸಿಟ್ಟಿನಲ್ಲಿ ಕಣ್ಣು ಕಾಣಿಸುತ್ತಿರಲಿಲ್ಲ.

ಅನ್ವರಿ ಬೇಗಂ ಇಷ್ಟು ವರ್ಷ ನಿಂತ ಹಾಗೆ ಗೋಡೆಗೆ ಒತ್ತಿ ನಿಂತಿದ್ದಳು. ಬೇಡ ಎಂದರೆ ಎದುರಿಗೆ ಹೆಣ. ಆಗಲಿ ಎಂದರೆ ನಾಳೆ ಅವಳ ಮನೆ, ಅವಳ ಮಗ. ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡು ಕಾಕಾನನ್ನೇ ನೋಡುತ್ತಿದ್ದಳು.

ಕಾಕಾ ಆ ಅಂಗಳವನ್ನು ನೋಡಿದ, ಮಗಳ ಹೊಟ್ಟೆಯನ್ನು ನೋಡಿದ. ಜೀವಮಾನವೆಲ್ಲ ನಗುತ್ತಿದ್ದ ಆ ಮುಖ ಹಾಗೆ ಮುರಿದು ಬೀಳುವುದನ್ನು ನೋಡಬಾರದಿತ್ತು ನಾನು.

“ಈಕಿ ಬಾಗಿಲು ತೆಗದಾಕಿ,” ಎಂದ. “ಈಕಿ ಅಂಗಳದಾಗ ಕುಣಿ ತೋಡಿದ್ರ ನಾವು ಮನಷಾರಲ್ಲ. ಕೈಯಾಗಿನ ಇಟ್ಟಂಗಿ ಕೆಳಗ ಹಾಕ್ರಿ.” ಆಮೇಲೆ ಬಹಳ ಸಣ್ಣಗೆ ಹೇಳಿದ, “ತಿರುಗಸ್ರಿ.”

ಒಬ್ಬನೂ ಅಲುಗಲಿಲ್ಲ. “ತೋಡಿದ ಕುಣಿ ಖಾಲಿ ಉಳೀತದ ಯಪ್ಪಾ,” ಎಂದು ಯಾರೋ ಹಿಂದಿನಿಂದ ಅಳುದನಿಯಲ್ಲಿ ಅಂದರು. ಮುಂದಿನ ಕೊನೆ ಹೊತ್ತಿದ್ದ ಪಂಪಾಪತಿ ಕಣ್ಣು ಮುಚ್ಚಿ ನಿಂತುಬಿಟ್ಟ. ಆ ಮನೆಗೆ ಆ ಕೇಡನ್ನು ತಂದವನು ನಾನೇ ಎಂದು ನಾಳೆ ಹೇಳಿಸಿಕೊಳ್ಳಲು ಯಾರು ಸಿದ್ಧರಿರುತ್ತಾರೆ? ಕಾಕಾ ಮತ್ತೊಮ್ಮೆ ಹೇಳಿದ. ಬಿಸಿಲು ಚುರುಗುಟ್ಟತೊಡಗಿತ್ತು. ರಾಶಿಯ ಮೇಲಿದ್ದವರು ಮೊಬೈಲು ಇಳಿಸಿರಲಿಲ್ಲ.

ಸುಜಾತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ಬಾಜೂಕ ಸರಿ ಮಾಮಾ, ನಾ ಹಿಡೀತೀನಿ,” ಎಂದಳು. ಪಂಪಾಪತಿಯ ಕೈ ಬಿಡಿಸಿ, ಬೊಂಬಿನ ತುದಿಯನ್ನು ತನ್ನ ಹೆಗಲಿಗೆ ತೆಗೆದುಕೊಂಡಳು. ನಾನು ಓಡಿಹೋಗಿ ಅವಳ ತೋಳು ಹಿಡಿದೆ.

“ಬ್ಯಾಡವ್ವಾ ತಂಗಿ. ನಿನ್ನ ಕಾಲಿಗೆ ಬೀಳ್ತೀನಿ, ನೀ ಬ್ಯಾಡ.”

“ಇದರಾಗ ಏನೂ ಇಲ್ಲ ಅಕ್ಕಾ. ಬರೇ ಮಾತು ಅವು. ಯವ್ವನ್ನ ಅರಕೇರಾಕ್ಕ ಒಯ್ಯೂಣು,” ಎಂದಳು. ಟೀಚರ್ ಪಾಠ ಹೇಳುವ ಹಾಗೆ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು. ಹೇಳಿ, ಅನ್ವರಿ ಬೇಗಂಳ ಆ ಸಣ್ಣ ಹಿತ್ತಲಿನಲ್ಲಿ, ತಾಯಿಯ ಚಟ್ಟವನ್ನು ಜಾಲಿಗೇರಿಯ ಕಡೆಗೆ ತಿರುಗಿಸಿದಳು. ಉಳಿದ ಮೂವರು ಅವಳ ಹಿಂದೆ ಹೆಜ್ಜೆ ಹಾಕಲೇಬೇಕಾಯಿತು. ಹಲಗೆ ಬಾರಿಸಲಿಲ್ಲ. ಯಾರೂ ಅಳಲಿಲ್ಲ.

ದಾರಿಯುದ್ದಕ್ಕೂ ನಾನು ಅವಳ ಮಗ್ಗುಲಲ್ಲೇ ನಡೆದೆ. ಅವಳು ಎದೆಯೆತ್ತಿ ನಡೆಯುತ್ತಿದ್ದಳು, ಎಡವಲಿಲ್ಲ, ತಲೆ ತಗ್ಗಿಸಲಿಲ್ಲ. ಒಂದು ಕೈ ಬೊಂಬಿನ ಮೇಲಿತ್ತು. ಇನ್ನೊಂದು ಕೈಯನ್ನು ಹೊಟ್ಟೆಯ ಮೇಲೆ ಬಿಗಿಯಾಗಿ ಒತ್ತಿ ಹಿಡಿದಿದ್ದಳು, ಮನೆ ಮುಟ್ಟುವ ತನಕ ತೆಗೆಯಲಿಲ್ಲ.